ಬೂಷ್ಟಿನ ವಂಶವಾಹಿಯ ಬೆನ್ನು ಹತ್ತಿ: ಕೊಡಗಿನಿಂದ ಪಿಎಚ್.ಡಿ.ವರೆಗೆ

ಕಳೆದ ತಿಂಗಳು ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ನ್ಯೂರೋಸ್ಪೋರಾ ಎಂಬ ಶಿಲೀಂಧ್ರ ತನ್ನ ಡಿಎನ್‌ಎಗೆ ಆದ ಹಾನಿಯನ್ನು ಹೇಗೆ ಸರಿಪಡಿಸಿಕೊಳ್ಳುತ್ತದೆ, ಎರಡು ತಳಿಗಳು ಕೂಡಿದಾಗ ಅವುಗಳ ವಂಶವಾಹಿಗಳು ಹೇಗೆ ಮರುಸಂಯೋಜನೆಗೊಳ್ಳುತ್ತವೆ ಎಂಬುದು ನನ್ನ ವಿಷಯ. 2019ರಲ್ಲಿ ಸೇರಿದವಳು ಈಗ ಹೊರಬಂದಿದ್ದೇನೆ. ಸುದ್ದಿ ಹರಡಿದ ಮೇಲೆ ಮಡಿಕೇರಿ, ಗೋಣಿಕೊಪ್ಪ, ಸೋಮವಾರಪೇಟೆ ಕಡೆಯ ವಿದ್ಯಾರ್ಥಿಗಳು ಫೋನ್ ಮಾಡಿ ವಿಚಾರಿಸುತ್ತಿದ್ದಾರೆ. ಫೆಲೋಶಿಪ್ ಎಷ್ಟು ಬರುತ್ತದೆ, ಯಾವ ಯಾವ ಪರವಾನಗಿ ಬೇಕು, ಇಷ್ಟು ವರ್ಷ ಯಾಕೆ ಹಿಡಿಯಿತು ಎಂದು ಕೇಳುತ್ತಾರೆ. ಅವರೆಲ್ಲರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈ ಶಿಲೀಂಧ್ರ ಬಹಳ ಬೇಗ ಬೆಳೆಯುತ್ತದೆ, ಕಾಗದಪತ್ರ ಬೆಳೆಯುವುದಿಲ್ಲ. ಅರ್ಜಿಗಳನ್ನು ಪ್ರಯೋಗಕ್ಕಿಂತ ಮೊದಲೇ ಹಾಕಿ.

ಮಡಿಕೇರಿಯಲ್ಲಿ ಬಿ.ಎಸ್ಸಿ., ಹೊರಗೆ ಎಂ.ಎಸ್ಸಿ., ಆಮೇಲೆ ಫೆಲೋಶಿಪ್‌ಗಾಗಿ ರಾಷ್ಟ್ರಮಟ್ಟದ ನೆಟ್ ಪರೀಕ್ಷೆ. ಜೀವವಿಜ್ಞಾನದ ಪತ್ರಿಕೆ ಮೂರು ಗಂಟೆಯದು, 200 ಅಂಕ. ಮೂರನೆಯ ಭಾಗದಲ್ಲಿ 75 ಪ್ರಶ್ನೆಗಳಲ್ಲಿ 25ಕ್ಕೆ ಉತ್ತರಿಸಿದರೆ ಸಾಕು, ಒಂದೊಂದಕ್ಕೆ ನಾಲ್ಕು ಅಂಕ. ತಳಿವಿಜ್ಞಾನದ ಲೆಕ್ಕಗಳನ್ನು ಕೈಯಾರೆ ಮಾಡಿ ಅಭ್ಯಾಸವಿದ್ದವರಿಗೆ ಈ ಭಾಗವೇ ಕೈಹಿಡಿಯುತ್ತದೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದಾಗ ಮನೆಯಲ್ಲಿ ಸಂತೋಷಪಟ್ಟರು, ವಿಷಯ ಕೇಳಿ ಸುಮ್ಮನಾದರು. "ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು, ಬೀರುವಿನ ಬಟ್ಟೆಗೂ ಬೂಷ್ಟು. ಅದನ್ನು ಓದುವುದಕ್ಕೆ ಊರು ಬಿಟ್ಟು ಹೋಗಬೇಕೇ ಮಗಳೇ?" ಎಂದು ದೊಡ್ಡಪ್ಪ ಕೇಳಿದರು. ಆ ದಿನ ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ.

ಡಿಎನ್‌ಎ ಪ್ರತಿದಿನ ಪೆಟ್ಟು ತಿನ್ನುತ್ತಲೇ ಇರುತ್ತದೆ. ಬಿಸಿಲಿನ ಅತಿನೇರಳೆ ಕಿರಣ, ರಾಸಾಯನಿಕಗಳು, ಕೋಶದೊಳಗೇ ಹುಟ್ಟುವ ವಸ್ತುಗಳು ಅದನ್ನು ಕೆಡಿಸುತ್ತವೆ. ಎರಡೂ ಎಳೆಗಳು ಒಟ್ಟಿಗೆ ತುಂಡಾದರೆ ಜೀವಕ್ಕೇ ಕುತ್ತು. ಆಗ ಕೋಶ ಅದೇ ವಂಶವಾಹಿಯ ಇನ್ನೊಂದು ಪ್ರತಿಯನ್ನು ಹುಡುಕಿ, ಹರಿದ ಪಹಣಿಯನ್ನು ಕಚೇರಿಯಲ್ಲಿರುವ ಪ್ರತಿ ನೋಡಿ ಮತ್ತೆ ಬರೆದಂತೆ, ಕಳೆದುಹೋದ ಭಾಗವನ್ನು ತುಂಬಿಕೊಳ್ಳುತ್ತದೆ. ಬೀಜಾಣು ಹುಟ್ಟುವ ಮುನ್ನ ನಡೆಯುವ ಮಿಯಾಸಿಸ್ ವಿಭಜನೆಯಲ್ಲಿ ಕೋಶ ತಾನೇ ಎಸ್‌ಪಿಒ11 ಎಂಬ ಪ್ರೋಟೀನಿನಿಂದ ತನ್ನ ಡಿಎನ್‌ಎಯನ್ನು ಅಲ್ಲಲ್ಲಿ ಕತ್ತರಿಸಿ, ಜೋಡಿ ವರ್ಣತಂತುವಿನ ನೆರವಿನಿಂದ ಬೆಸೆಯುತ್ತದೆ. ಹಾಗೆ ಬೆಸೆಯುವಾಗ ಎರಡು ತಳಿಗಳ ವಂಶವಾಹಿಗಳು ಅದಲುಬದಲಾಗುತ್ತವೆ. ದುರಸ್ತಿಯೂ ಮರುಸಂಯೋಜನೆಯೂ ಬಹುಮಟ್ಟಿಗೆ ಒಂದೇ ಸಲಕರಣೆಗಳ ಕೆಲಸ. ನ್ಯೂರೋಸ್ಪೋರಾದಲ್ಲಿ ಎಂಇಐ-3 ಎಂಬ ವಂಶವಾಹಿ ಇದೆ; ಮನುಷ್ಯನಲ್ಲಿ ಈ ದುರಸ್ತಿ ಮಾಡುವ ರಾಡ್51ರ ಸಂಬಂಧಿ. ಅದು ಕೆಟ್ಟ ತಳಿ ವಿಕಿರಣಕ್ಕೂ ರಾಸಾಯನಿಕಕ್ಕೂ ಬೇಗ ಸಾಯುತ್ತದೆ. ಅಂಥ ಎರಡು ತಳಿಗಳನ್ನು ಕೂಡಿಸಿದರೆ ಮಿಯಾಸಿಸ್ ನಡುವೆಯೇ ನಿಂತುಹೋಗುತ್ತದೆ. ನನ್ನ ಕೆಲಸವೆಲ್ಲ ಈ ಎರಡು ಸಂಗತಿಗಳ ನಡುವಿನದು.

ಸೇರಿದ ಮೊದಲ ಚಳಿಗಾಲದಲ್ಲೇ ಪರೀಕ್ಷಿತ ಮ್ಯೂಟೆಂಟ್ (ವಂಶವಾಹಿ ಬದಲಾದ) ತಳಿಗಳು ಬೇಕಾದವು. ಇವನ್ನೆಲ್ಲ ಕಾಪಿಟ್ಟಿರುವುದು ಫಂಗಲ್ ಜೆನೆಟಿಕ್ಸ್ ಸ್ಟಾಕ್ ಸೆಂಟರ್. 1960ರಲ್ಲಿ ಆರಂಭವಾದ ಸಂಗ್ರಹ, ಈಗ ಅಮೆರಿಕದ ಕಾನ್ಸಾಸ್‌ನಲ್ಲಿದೆ. ತಳಿಗೆ ಅವರು ಕೇಳುವ ಹಣ ದೊಡ್ಡದಲ್ಲ. ದೊಡ್ಡದು ಇಲ್ಲಿನ ಕೆಲಸ: ಜೀವಂತ ಶಿಲೀಂಧ್ರವನ್ನು ಹೊರದೇಶದಿಂದ ತರಿಸಲು 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಕೇಂದ್ರದ ಪರವಾನಗಿ ಬೇಕು. ವಂಶವಾಹಿ ಮಾರ್ಪಡಿಸಿದ ತಳಿಯಾದರೆ ನಿಮ್ಮ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯೂ ಬೇಕು. ಅದು 1989ರ ನಿಯಮ. ನಮ್ಮ ಸಮಿತಿ ಆಗೊಮ್ಮೆ ಈಗೊಮ್ಮೆ ಸೇರುತ್ತಿತ್ತು. ನನ್ನ ಅರ್ಜಿ ಒಂದು ಸಭೆ ತಪ್ಪಿ ಮುಂದಿನದಕ್ಕೆ ಹೋಯಿತು. ಪರವಾನಗಿ ಕೈಗೆ ಬರುವ ಹೊತ್ತಿಗೆ 2020ರ ಮಾರ್ಚ್ ಬಂದಿತ್ತು, ಲಾಕ್‌ಡೌನ್ ಆಯಿತು. ಪರವಾನಗಿಯ ಅವಧಿ ಮುಗಿದು ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕಾಯಿತು. ಆ ಕಾಗದ ಕೈಯಲ್ಲಿ ಹಿಡಿದು ಹಾಸ್ಟೆಲ್ ಕೋಣೆಯಲ್ಲಿ ಅತ್ತಿದ್ದೇನೆ. ನಿಮಗೆ ನನ್ನ ಸಲಹೆ: ಪರವಾನಗಿಯ ಮೇಲಿನ ಕೊನೆಯ ದಿನಾಂಕವನ್ನು ಮೊದಲು ನೋಡಿ. ಅರ್ಜಿಯಲ್ಲಿ ಬರೆದ ತಳಿಯ ಹೆಸರು, ಸಂಖ್ಯೆ, ಪಾರ್ಸೆಲ್ ಬಂದಿಳಿಯುವ ವಿಮಾನ ನಿಲ್ದಾಣ ಮೂರೂ ಪಾರ್ಸೆಲ್‌ನೊಂದಿಗೆ ಬರುವ ಕಾಗದಕ್ಕೆ ಅಕ್ಷರಶಃ ಹೊಂದಬೇಕು. ಭಾರತದಲ್ಲೇ ಯಾವುದಾದರೂ ಪ್ರಯೋಗಾಲಯದಲ್ಲಿ ಅದೇ ತಳಿ ಇದೆಯೇ ಎಂದು ಮೊದಲು ವಿಚಾರಿಸಿ. ನ್ಯೂರೋಸ್ಪೋರಾ ಕುರಿತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಮೇಶ್ ಮಹೇಶ್ವರಿ, ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯಲ್ಲಿ ದುರ್ಗಾದಾಸ್ ಕಸಬೇಕರ್ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಈ ನೆಲಕ್ಕೆ ಈ ಶಿಲೀಂಧ್ರ ಹೊಸದೇನಲ್ಲ.

ತಳಿಗಳಿಗಾಗಿ ಕಾಯುತ್ತಿದ್ದಾಗ ನಮ್ಮ ಗೈಡ್ ಒಂದು ಮಾತು ಹೇಳಿದರು: "ನಿಮ್ಮ ಊರಿನಲ್ಲೇ ಸಿಗಬೇಕಲ್ಲ, ಹುಡುಕಿ ನೋಡಿ." ಈ ಶಿಲೀಂಧ್ರದ ಆಸ್ಕೋಬೀಜಾಣು (ಎರಡು ತಳಿಗಳು ಕೂಡಿ ಹುಟ್ಟುವ ಬೀಜಾಣು) ಬಿಸಿ ತಾಗದೆ ಮೊಳೆಯುವುದಿಲ್ಲ. ಪ್ರಯೋಗಾಲಯದಲ್ಲಿ 60 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಮಿಕ್ಕಿ ಇಡುತ್ತೇವೆ. ಹೊರಗೆ ಆ ಕೆಲಸವನ್ನು ಬೆಂಕಿ ಮಾಡುತ್ತದೆ. ಹಾಗಾಗಿ ಸುಟ್ಟ ಗಿಡಗಂಟಿಯ ಮೇಲೆ, ತೊಗಟೆಯ ಅಡಿಯಲ್ಲಿ, ಬೇಯಿಸಿ ಎಸೆದ ಮೆಕ್ಕೆಜೋಳದ ದಿಂಡಿನ ಮೇಲೆ ಕಿತ್ತಳೆ ಬಣ್ಣದ ಪುಡಿಯಾಗಿ ಕಾಣಿಸಿಕೊಳ್ಳುತ್ತದೆ.

ಕಾಫಿ ಕೊಯ್ಲು ಮುಗಿದ ಮೇಲೆ ಬೇಲಿ ಬದಿಯ ಕುರುಚಲು ಕಡಿದು ಸುಡುವ ತೋಟಗಳು ನಮ್ಮಲ್ಲಿ ಇವೆ. ಹೂಮಳೆ ಬಿದ್ದ ಮರುವಾರ ಅಂಥ ಜಾಗಗಳನ್ನು ಹುಡುಕಿಕೊಂಡು ಹೊರಟೆ. ಕುಶಾಲನಗರದ ಕಡೆ ಜೋಳದ ಹೊಲಗಳ ಬದಿಯಲ್ಲೂ ನೋಡಿದೆ. ಜಾಗ ತೋರಿಸಿದವರು ತೋಟದ ಕೆಲಸಗಾರರು. "ಅಕ್ಕಾ, ಕಿತ್ತಳೆ ಬೂಷ್ಟು ತಾನೇ? ಒಲೆಯ ಹಿಂದೆ ಹಾಕಿದ್ದ ಸೌದೆಯಲ್ಲಿ ಇದೆ" ಎಂದು ಒಬ್ಬಾಕೆ ಕೆಲಸಗಾರರ ಲೈನ್ ಮನೆಯ ಹಿಂದಕ್ಕೆ ಕರೆದುಕೊಂಡು ಹೋದರು. ಅರ್ಧ ಸುಟ್ಟ ಕೊಂಬೆ, ಮಳೆಗೆ ತೊಗಟೆ ಉಬ್ಬಿ ಸೀಳಿತ್ತು. ಸೀಳಿನ ಉದ್ದಕ್ಕೂ ಕಿತ್ತಳೆ ಪುಡಿ ಉಕ್ಕಿ ನಿಂತಿತ್ತು. ಉಸಿರು ತಾಗಿದರೂ ಹಾರುವಷ್ಟು ನಯ. ಶುದ್ಧೀಕರಿಸಿದ ಕಾಗದದ ಚೂರಿನ ತುದಿಯಿಂದ ಮುಟ್ಟಿ, ಸಣ್ಣ ಲಕೋಟೆಯಲ್ಲಿಟ್ಟು, ಜಾಗ ಮತ್ತು ದಿನಾಂಕ ಬರೆದೆ. ಜಗತ್ತಿನ ಮೂಲೆಮೂಲೆಯಿಂದ ಕಾಡುತಳಿ ಕೂಡಿಸಿದ ಸ್ಟ್ಯಾನ್‌ಫರ್ಡ್‌ನ ಡೇವಿಡ್ ಪರ್ಕಿನ್ಸ್ ಕೂಡ ಇಂಥ ಲಕೋಟೆಗಳನ್ನೇ ಬಳಸಿದ್ದರು. ಲಕೋಟೆ ಒಣಗಿರಬೇಕು, ಅಷ್ಟೇ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವರಿ ಬೇರೆ ಬೂಷ್ಟುಗಳೆಲ್ಲ ಸೇರಿಕೊಳ್ಳುತ್ತವೆ.

ಸಂಗ್ರಹಕ್ಕೆ ಹೊರಡುವವರು ಗಮನಿಸಬೇಕಾದದ್ದು ಇಷ್ಟು. ನಾಗರಹೊಳೆ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಸಂರಕ್ಷಿತ ಅರಣ್ಯಗಳ ಒಳಗೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಎಲೆಯನ್ನೂ ಎತ್ತಬೇಡಿ. ನಾನು ಖಾಸಗಿ ತೋಟ, ಬಾಣೆ ಜಮೀನುಗಳಲ್ಲಿ ಮಾತ್ರ ಸಂಗ್ರಹಿಸಿದೆ. ಮಾಲೀಕರಿಂದ ಒಂದು ಸಾಲಿನ ಒಪ್ಪಿಗೆ ಪತ್ರ ಬರೆಸಿಕೊಂಡೆ. ಪ್ರಬಂಧ ಪ್ರಕಟಿಸುವಾಗ ಅದನ್ನೇ ಕೇಳಿದರು. ನಮ್ಮ ನೆಲದ ಜೀವಿಯನ್ನು ಹೊರದೇಶದ ಪ್ರಯೋಗಾಲಯಕ್ಕೆ ಕಳುಹಿಸುವ ಯೋಚನೆಯಿದ್ದರೆ 2002ರ ಜೀವವೈವಿಧ್ಯ ಕಾಯ್ದೆ ಅಡ್ಡ ಬರುತ್ತದೆ, ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ನಿಯಮಗಳನ್ನು ಮೊದಲೇ ಓದಿಕೊಳ್ಳಿ. ಸಿದ್ದಾಪುರದ ಕಡೆಯ ತೋಟಗಳಿಗೆ ಒಬ್ಬರೇ ಹೋಗಬೇಡಿ. ಕಾಡಾನೆ ಯಾವ ಸಾಲಿನಲ್ಲಿ ನಿಂತಿದೆ ಎಂಬುದು ಅಲ್ಲಿನ ಕೆಲಸಗಾರರಿಗೆ ಗೊತ್ತಿರುತ್ತದೆ, ನಮಗಲ್ಲ.

ಲಾಕ್‌ಡೌನಿನಲ್ಲಿ ಪ್ರಯೋಗಾಲಯ ಮುಚ್ಚಿದಾಗ ನನಗೆ ನಿದ್ದೆ ಬರುತ್ತಿರಲಿಲ್ಲ. ಉಳಿಸಿದ್ದು ಸಿಲಿಕಾ ಜೆಲ್. ಒಣ ಸಿಲಿಕಾ ಹರಳಿನ ಮೇಲೆ ಹಾಲಿನ ಪುಡಿಯ ದ್ರಾವಣದಲ್ಲಿ ಕಲಸಿದ ಬೀಜಾಣು ಹಾಕಿ ತಣ್ಣಗೆ ಇಟ್ಟರೆ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ತಿಂಗಳುಗಳ ನಂತರ ಬಾಗಿಲು ತೆರೆದಾಗ ನಳಿಕೆಗಳಲ್ಲಿ ಬೆಳೆಸಿಟ್ಟಿದ್ದವನ್ನು ನುಸಿ ಹೊಕ್ಕು ಹಾಳುಮಾಡಿತ್ತು. ಹರಳಿನ ಮೇಲಿದ್ದವು ಶಿಲೀಂಧ್ರ ಬೆಳೆಸುವ ಮಾಧ್ಯಮಕ್ಕೆ ಬಿದ್ದ ಮರುದಿನವೇ ಚಿಗುರಿದವು. ಯಾವ ತಳಿ ಕೈಗೆ ಬಂದರೂ ಮೊದಲ ವಾರದಲ್ಲೇ ಹೀಗೆ ಎತ್ತಿಡಿ.

ಇನ್ನು ಪ್ರಯೋಗದ ಮಾತು. ಡಿಎನ್‌ಎ ಕೆಡಿಸಲು ನಾವು ಬಳಸುವ ಎಂಎಂಎಸ್ ದ್ರಾವಣ ಕ್ಯಾನ್ಸರ್‌ಕಾರಕ. ಆವಿ ಹೀರುವ ಹುಡ್‌ನ ಒಳಗೆ, ಕೈಗವಸು ಹಾಕಿಕೊಂಡೇ ಕೆಲಸ. ಉಳಿದದ್ದನ್ನು ಸೋಡಿಯಂ ಥಯೋಸಲ್ಫೇಟ್‌ನಿಂದ ನಿಷ್ಕ್ರಿಯಗೊಳಿಸದೆ ಚೆಲ್ಲುವಂತಿಲ್ಲ. ಅದು ನೀರಿನಲ್ಲಿ ಕ್ರಮೇಣ ಒಡೆಯುವುದರಿಂದ ತಟ್ಟೆಗಳನ್ನು ಅದೇ ದಿನ ಹುಯ್ದು ಅದೇ ದಿನ ಬಳಸಬೇಕು. ಮಾಧ್ಯಮಕ್ಕೆ ಸೋರ್ಬೋಸ್ ಎಂಬ ಸಕ್ಕರೆ ಸೇರಿಸದಿದ್ದರೆ ನ್ಯೂರೋಸ್ಪೋರಾ ತಟ್ಟೆಯ ತುಂಬ ಹರಡಿ ಎಣಿಸಲು ಏನೂ ಉಳಿಯುವುದಿಲ್ಲ. ಅತಿನೇರಳೆ ಕಿರಣದ ಪ್ರಯೋಗವನ್ನು ಕೆಂಪು ಬೆಳಕಿನಲ್ಲಿ ಮಾಡಿ, ತಟ್ಟೆಗಳನ್ನು ಕತ್ತಲಲ್ಲಿ ಬೆಳೆಸಬೇಕು. ಇಲ್ಲವಾದರೆ ನೀಲಿ ಬೆಳಕಿನ ಬಲದಿಂದ ಫೋಟೋಲಯೇಸ್ ಎಂಬ ಕಿಣ್ವ ಹಾನಿಯನ್ನು ಸರಿಪಡಿಸಿಬಿಡುತ್ತದೆ, ನಿಮ್ಮ ಅಂಕಿಗಳಿಗೆ ಅರ್ಥ ಇರುವುದಿಲ್ಲ. ಬೆಳಕು ಹೀಗೆ ಕಾಪಾಡುತ್ತದೆ ಎಂದು 1949ರಲ್ಲಿ ಕೆಲ್ನರ್ ಕಂಡುಕೊಂಡದ್ದು. ಇನ್ನೊಂದು ಎಚ್ಚರ: ವಂಶವಾಹಿಯ ಎರಡನೆಯ ಪ್ರತಿಯನ್ನು ಸೇರಿಸಿ ಆ ತಳಿಯನ್ನು ಸಂಕರಕ್ಕೆ ಹಾಕಿದರೆ, ನ್ಯೂರೋಸ್ಪೋರಾ ಆ ಎರಡೂ ಪ್ರತಿಗಳಲ್ಲಿ ಮ್ಯುಟೇಶನ್ ತುಂಬಿಬಿಡಬಹುದು. ರಿಪ್ ಎಂಬ ಈ ವಿದ್ಯಮಾನ 1987ರಲ್ಲಿ ಎರಿಕ್ ಸೆಲ್ಕರ್ ಅವರ ಪ್ರಯೋಗಾಲಯದಿಂದ ಬೆಳಕಿಗೆ ಬಂತು. ವಂಶವಾಹಿ ತೆಗೆದುಹಾಕುವವರು ಎಂಯುಎಸ್-51 ಅಥವಾ ಎಂಯುಎಸ್-52 ವಂಶವಾಹಿ ಇಲ್ಲದ ತಳಿಯಿಂದ ಶುರುಮಾಡಿ. ಜಪಾನಿನ ತಂಡ 2004ರಲ್ಲಿ ಆ ದಾರಿ ತೋರಿಸಿದ ಮೇಲೆ ಈ ಕೆಲಸ ಬಹಳ ಹಗುರವಾಗಿದೆ.

ಇಡೀ ಸಂಶೋಧನೆಯಲ್ಲಿ ನನ್ನನ್ನು ಹಿಡಿದಿಟ್ಟದ್ದು ಸಂಕರಗಳು. ಸಾರಜನಕ ಕಡಿಮೆ ಇರುವ ಮಾಧ್ಯಮದಲ್ಲಿ ಒಂದು ತಳಿಯನ್ನು 25 ಡಿಗ್ರಿಯಲ್ಲಿ ಬೆಳೆಸಿ, ವಿರುದ್ಧ ಲಿಂಗಮಾದರಿಯ ಬೀಜಾಣು ಚಿಮುಕಿಸಿ ಎರಡು ವಾರ ಕಾಯಬೇಕು. ಇನ್‌ಕ್ಯುಬೇಟರ್ 30 ಡಿಗ್ರಿ ದಾಟಿದರೆ ಫಲ ಕಟ್ಟುವುದು ಕುಸಿಯುತ್ತದೆ. ಬೇಸಿಗೆಯ ವಿದ್ಯುತ್ ಕಡಿತದಲ್ಲಿ ನನ್ನ ಒಂದಿಡೀ ಸಾಲು ಹಾಳಾಗಿ, ಆ ತಿಂಗಳ ಕೆಲಸ ಕಸದ ಬುಟ್ಟಿ ಸೇರಿತು. ಮುಂದಿನ ಸಾಲಿನಲ್ಲಿ ಪೆರಿಥೀಸಿಯಂಗಳು (ಬೀಜಾಣು ಚೀಲಗಳಿರುವ ಪುಟ್ಟ ಫಲಗಳು) ಕಪ್ಪಾದವು. ಸೂಕ್ಷ್ಮದರ್ಶಕದ ಅಡಿಯಲ್ಲಿ ಒಂದನ್ನು ಸೂಜಿಯಿಂದ ಒತ್ತಿದೆ. ಒಳಗಿನ ಚೀಲಗಳು ಗೊಂಚಲಾಗಿ ಹೊರಬಂದು ಹರಡಿಕೊಂಡವು. ಒಂದೊಂದು ಚೀಲದಲ್ಲೂ ಎಂಟು ಬೀಜಾಣುಗಳು, ಮಿಯಾಸಿಸ್ ನಡೆದ ಕ್ರಮದಲ್ಲೇ ಸಾಲಾಗಿ. ಬೀಜಾಣು ಕಪ್ಪಾಗದ ಮ್ಯೂಟೆಂಟ್ ಒಂದನ್ನು ಸಂಕರಕ್ಕೆ ಸೇರಿಸಿದ್ದರಿಂದ ನಾಲ್ಕು ಕಪ್ಪು, ನಾಲ್ಕು ಬಿಳಚು. ಕೆಲವು ಚೀಲಗಳಲ್ಲಿ ಕಪ್ಪು ಒಂದು ಕಡೆ, ಬಿಳಚು ಇನ್ನೊಂದು ಕಡೆ. ಮತ್ತೆ ಕೆಲವದರಲ್ಲಿ ಎರಡು ಕಪ್ಪು, ನಾಲ್ಕು ಬಿಳಚು, ಎರಡು ಕಪ್ಪು. ಆ ಎರಡನೆಯ ಬಗೆಯ ಸಾಲು ಎಂದರೆ ವರ್ಣತಂತುಗಳ ನಡುವೆ ವಿನಿಮಯ ಆಗಿದೆ ಎಂದರ್ಥ. ಎಂ.ಎಸ್ಸಿ. ಪುಸ್ತಕದಲ್ಲಿ ಚಿತ್ರವಾಗಿ ನೋಡಿ ಬಾಯಿಪಾಠ ಮಾಡಿದ್ದನ್ನು ಅಂದು ನನ್ನ ಸೂಜಿಯ ತುದಿಯಲ್ಲಿ ನೋಡಿದೆ. ಮಧ್ಯರಾತ್ರಿಯವರೆಗೆ ಎಣಿಸಿದೆ. 1955ರಲ್ಲಿ ಮೇರಿ ಮಿಚೆಲ್ ಇದೇ ಶಿಲೀಂಧ್ರದಲ್ಲಿ ಈ ಲೆಕ್ಕಕ್ಕೆ ಹೊಂದದ ಸಂತಾನಗಳನ್ನು ಗುರುತಿಸಿ, ಒಂದು ಪ್ರತಿ ಇನ್ನೊಂದರ ಮಾಹಿತಿಯಿಂದ ಬದಲಾಗಬಲ್ಲದು ಎಂದು ತೋರಿಸಿದ್ದರು. ಅದನ್ನು ವಿವರಿಸಲೆಂದು ರಾಬಿನ್ ಹಾಲಿಡೇ 1964ರಲ್ಲಿ ಮಂಡಿಸಿದ ಮಾದರಿಯನ್ನು ಇಂದಿಗೂ ಪಾಠ ಮಾಡುತ್ತೇವೆ.

ದೊಡ್ಡಪ್ಪನಿಗೆ ಉತ್ತರ ಸಿಕ್ಕಿದ್ದು ಹಾಲಿಡೇ ಅವರ ಶಿಲೀಂಧ್ರದಿಂದಲೇ. ಅವರು ಕೆಲಸ ಮಾಡಿದ್ದು ಉಸ್ಟಿಲಾಗೊ ಎಂಬ, ಮೆಕ್ಕೆಜೋಳದ ತೆನೆಗೆ ಕಾಡಿಗೆ ರೋಗ ತರುವ ಶಿಲೀಂಧ್ರದ ಮೇಲೆ. ಮುಂದೆ ಅದೇ ಶಿಲೀಂಧ್ರದಲ್ಲಿ ಬಿಆರ್‌ಎಚ್2 ಎಂಬ ಪ್ರೋಟೀನ್ ಸಿಕ್ಕಿತು. ಅದು ಸ್ತನ ಕ್ಯಾನ್ಸರ್‌ಗೆ ಸಂಬಂಧಿಸಿದ ಮನುಷ್ಯನ ಬಿಆರ್‌ಸಿಎ2ರ ಬಂಧು. ರಾಡ್51ನ್ನು ತುಂಡಾದ ಜಾಗಕ್ಕೆ ಕೂರಿಸುವುದು ಅದರ ಕೆಲಸ. ಈ ದುರಸ್ತಿ ಕೆಟ್ಟಿರುವ ಗೆಡ್ಡೆಗಳನ್ನೇ ಗುರಿಯಾಗಿಸುವ ಒಲಾಪರಿಬ್ ಔಷಧಕ್ಕೆ 2014ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಪುತ್ತರಿ ಹಬ್ಬಕ್ಕೆ ಊರಿಗೆ ಹೋದಾಗ ಇದನ್ನೆಲ್ಲ ಹೇಳಿದೆ. ದೊಡ್ಡಪ್ಪ ಪೂರ್ತಿ ಕೇಳಿ, "ಹಾಗಾದರೆ ಮುಗಿಸಿಕೊಂಡೇ ಬಾ" ಎಂದರು. ಮದುವೆಯ ಮಾತು ಆ ವರ್ಷ ಮನೆಯಲ್ಲಿ ಏಳಲಿಲ್ಲ.

ಹಣದ ವಿಷಯ ಬಿಚ್ಚಿ ಹೇಳುತ್ತೇನೆ. ನಾನು ಸೇರಿದಾಗ ಜೆಆರ್‌ಎಫ್ ತಿಂಗಳಿಗೆ 31,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಹಿರಿಯ ಸಂಶೋಧನಾ ಫೆಲೋಶಿಪ್) ಆದಾಗ 35,000. 2023ರ ಜನವರಿಯಿಂದ ಇವು 37,000 ಮತ್ತು 42,000 ಆಗಿವೆ. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಆದರೆ ಪ್ರತಿ ತಿಂಗಳೂ ವಿಶ್ವವಿದ್ಯಾಲಯ ಹಾಜರಾತಿ ದೃಢೀಕರಿಸಿದರೆ ಮಾತ್ರ ಹಣ ಬರುತ್ತದೆ. ನಮ್ಮ ವಿಭಾಗದಲ್ಲಿ ಆ ಕೆಲಸ ನೋಡುತ್ತಿದ್ದವರು ವರ್ಗವಾಗಿ ಹೋದರು, ಹೊಸಬರ ಹೆಸರು ನೋಂದಣಿಯಾಗಲಿಲ್ಲ. ತಿಂಗಳುಗಟ್ಟಲೆ ಖಾತೆಗೆ ಏನೂ ಬರಲಿಲ್ಲ. ಅಪ್ಪ ಕಾಳುಮೆಣಸು ಮಾರಿ ಕಳುಹಿಸಿದ ಹಣದಲ್ಲಿ ಮೆಸ್ ಬಿಲ್ ಕಟ್ಟಿದೆ. ಜೆಆರ್‌ಎಫ್‌ನಿಂದ ಎಸ್‌ಆರ್‌ಎಫ್‌ಗೆ ಏರುವ ಸಮಿತಿ ಸಭೆಯ ನಡಾವಳಿಯ ಪ್ರತಿಯನ್ನು ಸಹಿ ಹಾಕಿಸಿ ಕೈಯಲ್ಲಿಟ್ಟುಕೊಳ್ಳಿ. ಬಾಕಿ ಹಣ ಕೊನೆಗೆ ಬಂದದ್ದು ಆ ಒಂದು ಹಾಳೆಯಿಂದ. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಕೊನೆಯಲ್ಲಿ: ಫೆಲೋಶಿಪ್ ಐದು ವರ್ಷಕ್ಕೆ ನಿಲ್ಲುತ್ತದೆ, ಪಿಎಚ್.ಡಿ. ಅವಧಿ ಆರು ವರ್ಷ. ನನಗೆ 2024ರಲ್ಲಿ ನಿಂತಿತು. ಮುಂದಿನ ದಿನಗಳಲ್ಲಿ ಊರಿಗೆ ಹತ್ತಿರದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡಿದೆ. ಮೊದಲ ವರ್ಷದಿಂದಲೇ ಒಂದಿಷ್ಟು ಎತ್ತಿಡಿ.

ಮಹಾಪ್ರಬಂಧ ಬರೆದದ್ದು ಮನೆಯಲ್ಲಿ, ಮಳೆಗಾಲದಲ್ಲಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುತ್ತಿರಲಿಲ್ಲ. ಬ್ಯಾಟರಿ ಮುಗಿಯುವ ಮೊದಲು ಅಂಕಿ ಅಂಶಗಳ ಕೋಷ್ಟಕ ಮುಗಿಸಿ, ಉಳಿದದ್ದನ್ನು ಕಾಗದದಲ್ಲಿ ಕೈಯಿಂದ ಬರೆದೆ. ಹಾಗೆ ಬರೆದ ಚರ್ಚೆಯ ಅಧ್ಯಾಯವೇ ಇಡೀ ಪ್ರಬಂಧದಲ್ಲಿ ನನಗೆ ಹೆಚ್ಚು ಇಷ್ಟ.

ಸಲ್ಲಿಕೆಗೆ ಮೊದಲು ನಕಲು ಪರಿಶೀಲನೆ. 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಶೇಕಡಾ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ನನ್ನದೇ ಪ್ರಕಟಿತ ಲೇಖನದ ಸಾಲುಗಳನ್ನೂ ತಂತ್ರಾಂಶ ನಕಲು ಎಂದು ಎಣಿಸಿತ್ತು. ಗೈಡ್ ಪತ್ರ ಕೊಟ್ಟ ಮೇಲೆ ಅವನ್ನು ಬಿಟ್ಟು ಮತ್ತೆ ಪರಿಶೀಲಿಸಿದರು. ನಾನು ಹಳೆಯ, 2016ರ ನಿಯಮಾವಳಿಯಡಿ ಸೇರಿದ್ದರಿಂದ ಸಲ್ಲಿಕೆಗೆ ಮೊದಲು ಒಂದು ಲೇಖನ ಪ್ರಕಟವಾಗಿರಬೇಕಿತ್ತು, ಎರಡು ಸಮ್ಮೇಳನಗಳಲ್ಲಿ ಮಂಡಿಸಿರಬೇಕಿತ್ತು. 2022ರ ನಿಯಮಾವಳಿಯಲ್ಲಿ ಈ ಷರತ್ತು ಇಲ್ಲ, ಆದರೂ ನಿಮ್ಮ ವಿಶ್ವವಿದ್ಯಾಲಯ ತನ್ನದೇ ಷರತ್ತು ಇಟ್ಟಿದೆಯೇ ಎಂದು ಲಿಖಿತವಾಗಿ ಕೇಳಿ. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿ, 240 ದಿನದವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಎರಡೂ ನಿಯಮಾವಳಿಗಳಲ್ಲಿವೆ. ಶುಲ್ಕ, ಬಣ್ಣದ ಪುಟ, ಬೈಂಡಿಂಗ್ ಸೇರಿ ನನಗಾದ ಖರ್ಚು ಒಂದು ತಿಂಗಳ ಫೆಲೋಶಿಪ್‌ನ ಅರ್ಧಕ್ಕಿಂತ ಹೆಚ್ಚು. ಬೀಜಾಣುಗಳ ಚಿತ್ರ ಇರುವ ಪುಟ ಮಾತ್ರ ಬಣ್ಣದಲ್ಲಿ ತೆಗೆಸಿದರೆ ಸಾಕು.

ಸಲ್ಲಿಸಿದ ಮೇಲಿನ ಕಾಯುವಿಕೆಗೆ ಯಾರೂ ನನ್ನನ್ನು ಸಿದ್ಧಗೊಳಿಸಿರಲಿಲ್ಲ. ಮೌಲ್ಯಮಾಪನ ಆರು ತಿಂಗಳಲ್ಲಿ ಮುಗಿಯಬೇಕು ಎಂದು ನಿಯಮ ಹೇಳುತ್ತದೆ. ನನ್ನದು ಅದನ್ನು ದಾಟಿತು. ಒಬ್ಬ ಪರೀಕ್ಷಕರು ಒಪ್ಪಿ ನಂತರ ಹಿಂದೆ ಸರಿದರು. ಹೊಸಬರನ್ನು ನೇಮಿಸುವ ಕಡತ ಒಂದು ಮೇಜಿನ ಮೇಲೆ ಸುಮ್ಮನೆ ಕುಳಿತಿತ್ತು. ಮಡಿಕೇರಿಯಿಂದ ಬೆಳಗಿನ ಬಸ್ ಹಿಡಿದು ಹೋಗಿ, "ನಾಳೆ ಬನ್ನಿ" ಎನ್ನಿಸಿಕೊಂಡು ರಾತ್ರಿ ಮರಳುವುದು ಮೈಗಿಂತ ಮನಸ್ಸನ್ನು ಹೆಚ್ಚು ದಣಿಸುತ್ತದೆ. ಬಾಯಿಮಾತಿನ ವಿಚಾರಣೆ ಬಿಟ್ಟು ದಿನಾಂಕ ಹಾಕಿದ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಮೇಲೆ ಕಡತ ಮೇಜು ಬಿಟ್ಟು ಎದ್ದಿತು. ನೀವು ಮೊದಲ ದಿನದಿಂದಲೇ ಹಾಗೆ ಮಾಡಿ.

ಮೌಖಿಕ ಪರೀಕ್ಷೆ ನಾನು ಹೆದರಿದಷ್ಟು ಇರಲಿಲ್ಲ. ನನ್ನ ಸಂಗ್ರಹದ ಕಾಡುತಳಿಯೊಂದು ಎಂಎಂಎಸ್‌ಗೆ ಏಕೆ ಬೇಗ ಸಾಯುತ್ತದೆ, ಅದರ ಸಂಕರದಲ್ಲಿ ವಿನಿಮಯವೂ ಕಡಿಮೆಯೇ ಎಂದು ಪರೀಕ್ಷಕರು ಬಿಡದೆ ಕೇಳಿದರು. ಬೇಗ ಸಾಯುವುದು ನಿಜ, ವಿನಿಮಯದಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಹಾಗಾಗಿ ಕೆಟ್ಟಿರುವುದು ಎರಡಕ್ಕೂ ಬೇಕಾದ ಸಲಕರಣೆ ಅಲ್ಲದಿರಬಹುದು ಎಂದೆ. ಆ ಉತ್ತರದ ಮೇಲೆಯೇ ಹೆಚ್ಚು ಹೊತ್ತು ಚರ್ಚೆ ನಡೆಯಿತು. ಅಪ್ಪ, ಅಮ್ಮ, ದೊಡ್ಡಪ್ಪ ಹಿಂದಿನ ಸಾಲಿನಲ್ಲಿ ಕುಳಿತಿದ್ದರು. ಪರೀಕ್ಷೆ ಎಲ್ಲರಿಗೂ ತೆರೆದದ್ದು, ಮನೆಯವರನ್ನು ಕರೆಯಲು ಹಿಂಜರಿಯಬೇಡಿ.

ಆಮೇಲೂ ಕೆಲಸ ಉಳಿದಿರುತ್ತದೆ. ಗ್ರಂಥಾಲಯ, ಹಾಸ್ಟೆಲ್, ಪ್ರಯೋಗಾಲಯದಿಂದ ಬಾಕಿ ಇಲ್ಲವೆಂಬ ಪತ್ರ ತರಬೇಕು. ಪ್ರಬಂಧದ ವಿದ್ಯುನ್ಮಾನ ಪ್ರತಿ ಮಹಾಪ್ರಬಂಧಗಳ ರಾಷ್ಟ್ರೀಯ ಅಂತರ್ಜಾಲ ಭಂಡಾರವಾದ ಶೋಧಗಂಗಾಕ್ಕೆ ಸೇರಬೇಕು. ಎಲ್ಲ ತಳಿಗಳ ಪಟ್ಟಿ ಮಾಡಿ, ಒಂದೊಂದರ ಸಿಲಿಕಾ ಪ್ರತಿಯನ್ನು ನನ್ನ ನಂತರ ಸೇರಿದ ಹುಡುಗಿಗೆ ಒಪ್ಪಿಸಿ ಸಹಿ ಪಡೆದಿದ್ದೇನೆ. ಘಟಿಕೋತ್ಸವದವರೆಗೆ ಪದವಿ ಪತ್ರ ಸಿಗುವುದಿಲ್ಲ. ಹೊರಗೆ ಕೆಲಸಕ್ಕೆ ಅರ್ಜಿ ಹಾಕುವವರು ಪದವಿಯ ಅಧಿಸೂಚನೆ ಹೊರಬಿದ್ದ ದಿನವೇ ತಾತ್ಕಾಲಿಕ ಪ್ರಮಾಣಪತ್ರಕ್ಕೆ ಶುಲ್ಕ ಕಟ್ಟಿ ರಸೀದಿ ಪಡೆಯಿರಿ. ನನ್ನದು ಕಳೆದ ಸೋಮವಾರ ಬಂತು. ಪೋಸ್ಟ್‌ಡಾಕ್ ಅರ್ಜಿಯ ಜೊತೆ ಅದನ್ನು ಲಗತ್ತಿಸಿ ಕಳುಹಿಸಿದ್ದೇನೆ.